ರಟ್ಟಿನ ಚೀಟಿಯ ಬೆಲೆ

ಅಮೇರಿಕೆಯಲ್ಲಿ ಉದ್ಯೋಗದಲ್ಲಿರುವ ತಮ್ಮ ಚಿರಂಜೀವಿಯು ಎರಡು ತಿಂಗಳ ಸಂಬಳವನ್ನು ತೆತ್ತು, ಆಟಗಾರನೊಬ್ಬನ ಚಿತ್ರವುಳ್ಳ ಹಳೆಯ ರಟ್ಟಿನ ಚೀಟಿಯೊಂದನ್ನು ಕೊಂಡಿರುವನೆಂದೂ, ಅಂಗೈಯಗಲದ ಆ ವಸ್ತುವಿಗೆ ನಿಜವಾಗಿ ಅಷ್ಟು ಬೆಲೆಯುಂಟೇ ಎಂದೂ ವಾಚಕ ಮಹಾಶಯರೊಬ್ಬರು ವ್ಯಸನದಿಂದ ಬರೆದು ಕೇಳಿದ್ದಾರೆ. ಪ್ರಶ್ನೆಯು ನಕ್ಕು ತಳ್ಳಿಬಿಡತಕ್ಕದ್ದಲ್ಲ.

೧೯೦೯ರಿಂದ ೧೯೧೧ರ ವರೆಗೆ ಅಮೇರಿಕನ್ ಟೊಬ್ಯಾಕೊ ಕಂಪೆನಿಯವರು ಸಿಗರೇಟಿನ ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರಚೀಟಿಗಳನ್ನಿಟ್ಟು ಹಂಚಿದರು. ಅವುಗಳಲ್ಲಿ ಹೋನಸ್ ವ್ಯಾಗ್ನರನ ಚೀಟಿಯ ಮುದ್ರಣವು ಬೇಗನೆ ನಿಂತುಹೋದುದರಿಂದ ಇಂದು ಉಳಿದಿರುವುವು ಕೆಲವು ಹತ್ತುಗಳು ಮಾತ್ರ. ಅಂತಹದೊಂದು ೨೦೨೨ರಲ್ಲಿ ೭೨ ಲಕ್ಷ ೫೦ ಸಾವಿರ ಡಾಲರುಗಳಿಗೆ ಮಾರಾಟವಾಯಿತು. ಅದೇ ವರ್ಷ ಮಿಕಿ ಮ್ಯಾಂಟಲನ ೧೯೫೨ರ ಚೀಟಿಯೊಂದು ೧ ಕೋಟಿ ೨೬ ಲಕ್ಷಕ್ಕೆ ಹರಾಜಾಯಿತು. ಆ ೧೯೫೨ರ ಸಾಲಿನಲ್ಲಿ ಮಾರಾಟವಾಗದೆ ಉಳಿದ ಚೀಟಿಗಳನ್ನು ಅಚ್ಚು ಹಾಕಿಸಿದವರೇ ಮುಂದೆ ಸಮುದ್ರಕ್ಕೆ ಸುರಿಸಿದರಂತೆ!

ಆದರೆ ವಿರಳತೆಯೊಂದೇ ಸಾಲದು. ಮೂಲೆಗಳು ಮೊನಚಾಗಿವೆಯೇ, ಚಿತ್ರವು ನಡುವೆ ಕೂತಿದೆಯೇ, ಮೈ ಗೀರಿಲ್ಲದೆ ಇದೆಯೇ ಎಂದು ಪರೀಕ್ಷಕರು ನೋಡಿ, ಒಂದರಿಂದ ಹತ್ತರ ವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಮಾಡುತ್ತಾರೆ. ಒಂದೇ ಅಂಕದ ಅಂತರಕ್ಕೆ ಬೆಲೆಯು ಹಲವು ಪಟ್ಟು ಏರುವುದುಂಟು. ಆದುದರಿಂದ ವರ್ತಕನು ಹೇಳುವ ಬೆಲೆಯು ಬೆಲೆಯಲ್ಲ. ಅದೇ ವರ್ಷದ, ಅದೇ ಅಂಕದ ಚೀಟಿಗೆ ಇತ್ತೀಚೆಗೆ ಹಣವೆಣಿಸಿ ಕೊಟ್ಟವರುಂಟೇ ಎಂಬುದನ್ನೇ ನೋಡತಕ್ಕದ್ದು.

ಚಿನ್ನಕ್ಕಾದರೆ ಒರೆಗಲ್ಲುಂಟು. ಇಲ್ಲಿ ಒರೆಗಲ್ಲೇ ಮೋಸ ಹೋದ ಪ್ರಸಂಗವೊಂದು ಸಕಲರಿಗೂ ವಿದಿತವಾಗಿದೆ. ೧೯೯೧ರಲ್ಲಿ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿಯೂ ಅವನ ಪಾಲುದಾರನೂ ೪ ಲಕ್ಷ ೫೧ ಸಾವಿರ ಡಾಲರು ಕೊಟ್ಟು ವ್ಯಾಗ್ನರನ ಚೀಟಿಯೊಂದನ್ನು ಕೊಂಡರು. ಪರೀಕ್ಷಕ ಸಂಸ್ಥೆಯು ಅದಕ್ಕೆ ಎಂಟು ಅಂಕಗಳನ್ನಿತ್ತಿತು. ಮುದ್ರೆಯ ಬಲದಿಂದ ಅದು ಕೈಯಿಂದ ಕೈಗೆ ಏರುತ್ತ ೨೦೦೭ರಲ್ಲಿ ೨೮ ಲಕ್ಷಕ್ಕೆ ಹೋಯಿತು. ಅದನ್ನು ಹಿಂದೆ ಮಾರಿದ್ದ ಹರಾಜುದಾರ ಬಿಲ್ ಮಾಸ್ಟ್ರೊ ಎಂಬವನು, ಅಂಚು ಚೂಪಾಗಿ ಕಾಣಲೆಂದು ತಾನೇ ಅದನ್ನು ಕತ್ತರಿಸಿದ್ದೆನೆಂದು ೨೦೧೩ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. ಇಷ್ಟು ವರ್ಷ ಲಕ್ಷಗಳನ್ನು ಸುರಿದವರು ಕೊಂಡುದು ಚೀಟಿಯನ್ನೋ, ಪರೀಕ್ಷಕರ ಮಾತನ್ನೋ ಎಂದು ನಾವು ಯೋಚಿಸುತ್ತಿದ್ದೇವೆ.

ನಮ್ಮ ವಾಚಕರ ಮಗನು ಕೊಂಡ ಚೀಟಿಗೆ ಮುದ್ರೆಯುಂಟೋ ಇಲ್ಲವೋ ಅವರು ತಿಳಿಸಿಲ್ಲ. ಇಲ್ಲದಿದ್ದರೆ, ಅದನ್ನು ಅದೇ ಸಾಲಿನ ಅಗ್ಗದ ಚೀಟಿಯೊಂದರ ಮೇಲಿಟ್ಟು ಅಂಚಿಗೆ ಅಂಚು ಹೋಲಿಸಿದೆಯಾ ಎಂದು ಮಗನನ್ನು ಮೊದಲು ಕೇಳಲಿ.