ಸುಕ್ಕು ತೆಗೆಯುವ ಸೂಜಿ: ಸೀಸೆಯೊಳಗೆ ಏನಿದೆ?

ನಮ್ಮ ಬಳಗದ ಹೆಣ್ಣುಮಗಳೊಬ್ಬಳು ಮಗನ ಲಗ್ನಕ್ಕೆ ಮುಂಚೆ ಮುಖದ ಗೆರೆಗಳಿಗೆ ಸೂಜಿ ಹಾಕಿಸಿಕೊಂಡಳು. ನಾಲ್ಕು ಜನರ ಮುಂದೆ ಚೆನ್ನಾಗಿ ಕಾಣಬೇಕೆಂಬ ಆಸೆ, ಅದರಲ್ಲಿ ತಪ್ಪೇನಿಲ್ಲ. ಲಗ್ನ ಸುಸೂತ್ರವಾಗಿ ಮುಗಿಯಿತು. ಎರಡು ತಿಂಗಳ ಮೇಲೆ ನೆಗಡಿ, ಜ್ವರ ಬಂದವು. ಅದರ ಬೆನ್ನಿಗೇ ಸೂಜಿ ಚುಚ್ಚಿದ ಜಾಗವೆಲ್ಲ ಕೆಂಪಗೆ ಬಾತು ಗಂಟುಗಟ್ಟಿತು. ಜತ್ತದ ಡಾಕ್ಟರರು ಮೊದಲು ಕೇಳಿದ್ದು, "ಒಳಗೆ ಹಾಕಿದ್ದು ಏನು?" ಯಾರಿಗೂ ಗೊತ್ತಿಲ್ಲ. "ಡಬ್ಬಿ ಅಲ್ಲೇ ಒಗೆದರು ಕಾಕಾ, ನಾನೂ ಕೇಳಲಿಲ್ಲ" ಎಂದು ಅತ್ತಳು. ಬಿಲ್ಲಿನಲ್ಲಿ 'ಸೌಂದರ್ಯ ಚಿಕಿತ್ಸೆ' ಎಂದಷ್ಟೇ ಇತ್ತು.

ಹತ್ತು ಕಿಲೋ ತೊಗರಿಬೇಳೆ ಕೊಳ್ಳುವಾಗಲೂ ಚೀಲದ ಬಾಯಿ ಬಿಚ್ಚಿ ನೋಡುವ ಜನ ನಾವು. ಬಿಸ್ಕೀಟಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹುಡುಕುತ್ತೇವೆ, ಚಾತುರ್ಮಾಸದಲ್ಲಿ ಕಂದಮೂಲ ಬಿಡುತ್ತೇವೆ. ಮುಖಕ್ಕೆ ಚುಚ್ಚುವ ಈ ಮಾಲಿನ ಬಗ್ಗೆ ಮಾತ್ರ ನಾವು ಕೇಳಲೇ ಇಲ್ಲ. ಆಮೇಲೆ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇವೆ.

ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಪಡೆದ 'ಝೈಡರ್ಮ್' ಎಂಬ ಸೂಜಿಮದ್ದು ಆಕಳ ತೊಗಲಿನಿಂದ ತೆಗೆದ ಕೊಲ್ಯಾಜನ್. ಕೊಲ್ಯಾಜನ್ ಎಂದರೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನು. ಇನ್ನೊಂದು ಪ್ರಾಣಿಯ ಪ್ರೋಟೀನನ್ನು ಕೆಲವರ ಮೈ ಒಪ್ಪುವುದಿಲ್ಲ. ಅದಕ್ಕೇ ಮೊದಲು ಮುಂಗೈಗೆ ಚೂರು ಚುಚ್ಚಿ ನಾಲ್ಕು ವಾರ ಕಾಯಬೇಕಿತ್ತು. ನೂರಕ್ಕೆ ಸುಮಾರು 3 ಜನರಿಗೆ ಆ ಪರೀಕ್ಷೆಯಲ್ಲೇ ಅಲರ್ಜಿ ಕಾಣುತ್ತಿತ್ತು. ಪರೀಕ್ಷೆ ದಾಟಿದವರಲ್ಲೂ ನೂರಕ್ಕೆ ಒಬ್ಬಿಬ್ಬರ ಮುಖ ಕೆಂಪಾಗಿ ಗಂಟಾಗುತ್ತಿತ್ತು, ಇಳಿಯಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 2010ರಲ್ಲಿ ಅದರ ತಯಾರಿಕೆ ನಿಂತಿತು. ಮೂಲ ಯಾವುದೆಂದು ಅಹಿಂಸಾಣುವ್ರತದ ಸಲುವಾಗಿ ನಾವು ಕೇಳಬೇಕಾಗಿದ್ದ ಪ್ರಶ್ನೆ, ಅಲರ್ಜಿಯ ಸಲುವಾಗಿ ಡಾಕ್ಟರರು ಕೇಳುವ ಪ್ರಶ್ನೆ, ಎರಡೂ ಒಂದೇ ಆಗಿತ್ತು.

ಈಗ ಹೆಚ್ಚು ನಡೆಯುವುದು ಹಯಲುರಾನಿಕ್ ಆಮ್ಲ. 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ 'ಹೈಲಾಫಾರ್ಮ್' ಹುಂಜದ ಜುಟ್ಟಿನಿಂದ ಬಂದದ್ದು. ಅದಕ್ಕೂ ಸ್ವಲ್ಪ ಮೊದಲು, 2003ರಲ್ಲಿ ಒಪ್ಪಿಗೆ ಪಡೆದ 'ರೆಸ್ಟಿಲೇನ್' ಬ್ಯಾಕ್ಟೀರಿಯಾ ಬೆಳೆಸಿ ತೆಗೆದದ್ದು. ಇಂದು ಬಹುಪಾಲು ಈ ಎರಡನೆಯ ಬಗೆಯದೇ. (ಮೊಸರು ಕಡೆಯುವ ಮನೆಯವರು ಬ್ಯಾಕ್ಟೀರಿಯಾದ ಬಗ್ಗೆ ತೀರ್ಪು ಕೊಡುವುದು ಬೇಡ, ಅದನ್ನು ಮುನಿಮಹಾರಾಜರ ಮುಂದಿಡಬೇಕು.) ಇದರಲ್ಲೂ ಪ್ರೋಟೀನಿನ ಲೇಶ ಉಳಿದಿರಬಹುದು, ನೋವು ಕಳೆಯಲು ಲಿಡೊಕೇನ್ ಬೆರೆಸಿರಬಹುದು. ಅವು ಕೆಲವರಿಗೆ ಆಗುವುದಿಲ್ಲ. ವಾರ, ತಿಂಗಳುಗಳಾದ ಮೇಲೆ ಜ್ವರವೋ ಲಸಿಕೆಯೋ ಮೈಯನ್ನು ಎಬ್ಬಿಸಿದಾಗ ಬಾವು ಬರುವುದೂ ಉಂಟು. 2020ರಲ್ಲಿ ಮಾಡರ್ನಾದ ಕೋವಿಡ್ ಲಸಿಕೆಯ ಪರೀಕ್ಷೆಯಲ್ಲಿ, ಮೊದಲು ಇಂಥ ಸೂಜಿ ಹಾಕಿಸಿಕೊಂಡಿದ್ದ ಬೆರಳೆಣಿಕೆಯ ಜನರಿಗೆ ಮುಖ ಬಾತಿತ್ತು. ನಮ್ಮ ಹುಡುಗಿಗೆ ಆದದ್ದೂ ಇಂಥದೇ.

ಇದನ್ನು ಕರಗಿಸಲು ಹಯಲುರಾನಿಡೇಸ್ ಎಂಬ ಮದ್ದು ಇದೆ. ಅದೂ ಹೆಚ್ಚಾಗಿ ಟಗರು, ಹೋರಿಗಳ ವೃಷಣದಿಂದ ಬರುವುದು. ಮನುಷ್ಯರ ಮಾದರಿಯಲ್ಲಿ ಪ್ರಯೋಗಶಾಲೆಯಲ್ಲಿ ಮಾಡಿದ್ದೂ ಇದೆ. ಜೇನ್ನೊಣದ ವಿಷದಲ್ಲಿ ಇದರ ಜಾತಿಯದೇ ವಸ್ತು ಇರುವುದರಿಂದ ಜೇನು ಕಡಿದು ಮೈಯೆಲ್ಲ ಬಾತವರು ಮೊದಲೇ ಹೇಳಬೇಕು. ನಾವು ಜೇನುತುಪ್ಪ ಬಿಟ್ಟವರೇನೋ ನಿಜ, ಜೇನ್ನೊಣ ನಮ್ಮನ್ನು ಬಿಟ್ಟಿಲ್ಲ.

ಹಣೆಯ ಗೆರೆಗೆ ಹಾಕುವ ಬೊಟಾಕ್ಸ್ ಬೇರೆ ಬಗೆ. ಅದು ಬ್ಯಾಕ್ಟೀರಿಯಾದ ವಿಷ, ಜೊತೆಗೆ ಮನುಷ್ಯರ ರಕ್ತದಿಂದ ತೆಗೆದ ಆಲ್ಬುಮಿನ್. ಅದೇ ಜಾತಿಯ 'ಡಿಸ್ಪೋರ್ಟ್' ಹಾಲಿನ ಪ್ರೋಟೀನು ಅಲರ್ಜಿಯಾದವರಿಗೆ ಕೂಡದು. ಇನ್ನೊಂದು ಮಾತು ತಿಳಿದಾಗ ನಮಗೆ ಊಟ ಸೇರಲಿಲ್ಲ. ಈ ವಿಷದ ಒಂದು ಯೂನಿಟ್ ಎಂದರೆ ಗುಂಪಿನಲ್ಲಿ ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಪ್ರಮಾಣ. 2011ರಲ್ಲಿ ಬೊಟಾಕ್ಸ್ ಕಂಪನಿಗೆ ಇಲಿಗಳ ಬದಲು ಜೀವಕೋಶಗಳ ಮೇಲೆ ಪರೀಕ್ಷಿಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರೋಗಕ್ಕೆ ಮದ್ದು ಬೇಕಾದಾಗ ನಾವು ತಕ್ಕಡಿ ಹಿಡಿದು ಕೂರುವವರಲ್ಲ. ಸುಕ್ಕು ರೋಗವಲ್ಲ ಎಂಬುದು ನಮ್ಮ ಅಭಿಪ್ರಾಯ, ಸೊಸೆಯಂದಿರು ಒಪ್ಪಲಿಕ್ಕಿಲ್ಲ.

ಚುಚ್ಚಿದ ಕಡೆ ಒಂದೆರಡು ದಿನ ಕಂದು, ಸಣ್ಣ ಬಾವು ಇದ್ದರೆ ಅದು ಅಲರ್ಜಿಯಲ್ಲ. ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು ಎದ್ದು, ತುಟಿ ನಾಲಿಗೆ ಬಾತು, ಉಸಿರು ಕಟ್ಟಿದರೆ ತೊಡೆಗೆ ಅಡ್ರಿನಾಲಿನ್ ಸೂಜಿ ತಕ್ಷಣ ಬೀಳಬೇಕು. ಇದು ಅಪರೂಪ, ಆದರೆ ಜೀವದ ಪ್ರಶ್ನೆ. ಅಡ್ರಿನಾಲಿನ್ ಇಲ್ಲದ, ಡಾಕ್ಟರರೂ ಇಲ್ಲದ ಬ್ಯೂಟಿ ಪಾರ್ಲರಿನಲ್ಲಿ ಕುರ್ಚಿ ಹತ್ತಬೇಡಿರಿ. ಚುಚ್ಚಿದ ಜಾಗ ಬಿಳಿಚಿ ಬಹಳ ನೋವಾದರೆ ರಕ್ತನಾಳ ಕಟ್ಟಿರಬಹುದು, ಅದಕ್ಕೂ ತಡಮಾಡಬಾರದು.

ನಮ್ಮ ಹುಡುಗಿಯ ತೊಡಕು ಬಿಡಿಸಲು ಸಾಂಗಲಿಗೆ ಎರಡು ಸಲ ಹೋಗಬೇಕಾಯಿತು. ಕರಗಿಸುವ ಮದ್ದು ಹಯಲುರಾನಿಕ್ ಆಮ್ಲಕ್ಕೆ ಮಾತ್ರ ತಾಗುತ್ತದೆ, ಒಳಗಿರುವುದು ಬೇರೆಯಾದರೆ ವ್ಯರ್ಥ ಎಂದು ಚರ್ಮದ ಡಾಕ್ಟರರು ಕೈಕಟ್ಟಿ ಕುಳಿತಿದ್ದರು. ಸೂಜಿ ಹಾಕಿದವರು ಮೊದಲ ದಿನ "ಒಳ್ಳೇ ಕಂಪನಿ ಮಾಲು" ಎಂದು ಸಾಗಹಾಕಿದರು. ಎರಡನೇ ಸಲ ನಾವು ಅಲ್ಲೇ ಬೆಂಚಿನ ಮೇಲೆ ಕುಳಿತೆವು. ಸಂಜೆಗೆ ರಿಜಿಸ್ಟರಿನೊಳಗಿಂದ ಡಬ್ಬಿಯ ಅಂಟುಚೀಟಿ ಹೊರಬಂತು. ಹೆಸರು, ಬ್ಯಾಚ್ ನಂಬರು, ತಾರೀಖು ಎಲ್ಲ ಅದರಲ್ಲಿತ್ತು. ಇಂಥ ಚೀಟಿಯನ್ನು ಗಿರಾಕಿಗೆ ಕೊಡಲೆಂದೇ ಡಬ್ಬಿಯಲ್ಲಿ ಇಟ್ಟಿರುತ್ತಾರಂತೆ. ಡಾಕ್ಟರರು ಮುಂಗೈಗೆ ಚುಚ್ಚಿ ನೋಡಿ ಆಮೇಲೆ ಮದ್ದು ಕೊಟ್ಟರು. ಮೂರು ವಾರಕ್ಕೆ ಬಾವು ಇಳಿಯಿತು. ಆ ಚೀಟಿಯನ್ನು ಆಕೆ ಈಗ ಆಧಾರ್ ಕಾರ್ಡಿನ ಜೊತೆ ಪಾಕೀಟಿನಲ್ಲಿ ಇಟ್ಟುಕೊಂಡಿದ್ದಾಳೆ.