ಹೊಟ್ಟೆ ಕಿರಿದಾದ ಮೇಲೆ ಊಟದ ವಿಚಾರ

ಸಂಜೆ ಆರರ ಸುಮಾರಿಗೆ ಸುಲ್ತಾನ್ ಬಜಾರಿನಲ್ಲಿ ನಡೆಯುವವನಿಗೆ ತನ್ನ ಕಾಲಿನ ಮೇಲೆ ತನಗೇ ಅಧಿಕಾರವಿರುವುದಿಲ್ಲ. ಜನಸಂದಣಿ ಒಯ್ದ ಕಡೆ ಹೋಗಬೇಕಾಗುತ್ತದೆ. ಸೀರೆ, ಬಳೆ, ಪಾತ್ರೆ-ಪಡಗಗಳ ಅಂಗಡಿಗಳ ನಡುವೆ ಕಣ್ಣಿಗಿಂತ ಮೊದಲು ಮೂಗನ್ನು ಸೆಳೆಯುವ ವ್ಯಾಪಾರವೂ ಅಲ್ಲಿ ಹೇರಳವಾಗಿದೆ. ಬಾಣಲೆಯಿಂದ ಆಗತಾನೆ ಎತ್ತಿದ ಮಿರ್ಚಿ ಬಜ್ಜಿ, ಸಮೋಸ, ಕೋಠಿಯ ಕಡೆಗೆ ಹೊರಳಿದರೆ ಚಾಟ್, ಇರಾನಿ ಚಹಾ, ಚಹಾದ ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಒಂದು ಕಾಲಕ್ಕೆ ರೆಸಿಡೆನ್ಸಿ ಬಜಾರ್ ಎಂದು ಹೆಸರಾಗಿ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದ ಈ ಪೇಟೆ 1933ರಲ್ಲಿ ನಿಜಾಮರಿಗೆ ಮರಳಿ ಸುಲ್ತಾನ್ ಬಜಾರ್ ಎನಿಸಿಕೊಂಡಿತು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ಸಂಸ್ಥಾನಕ್ಕೂ ಆನಂತರ ರಾಜ್ಯಕ್ಕೂ ಸೇರಿದ್ದುದರಿಂದ, ಓದಿಗೆಂದೋ ನೌಕರಿಗೆಂದೋ ಬಂದ ಕನ್ನಡ ಕುಟುಂಬಗಳು ಇಲ್ಲಿಂದ ಕಾಚಿಗೂಡದವರೆಗೆ ನೆಲೆಯೂರಿದುದು ಸಹಜವೇ ಆಗಿತ್ತು. ಜೋಳದ ರೊಟ್ಟಿಯ ನಾಲಿಗೆಗೆ ನಿಜಾಮೀ ಊಟದ ರುಚಿಯೂ ಹತ್ತಿತು. ಎರಡೂ ಕಡೆಯ ರುಚಿ ಬಲ್ಲವರಿಗೆ ತೂಕವನ್ನು ಹತೋಟಿಯಲ್ಲಿಡುವುದು ಸುಲಭವಲ್ಲ.

ಇದೇ ಪೇಟೆಗೆ ವೈದ್ಯಕೀಯದ ಚರಿತ್ರೆಯಲ್ಲಿಯೂ ಒಂದು ಸ್ಥಾನವಿದೆ. ಇಲ್ಲಿನ ರೆಸಿಡೆನ್ಸಿಯ ಸರ್ಜನರಾಗಿದ್ದ ಎಡ್ವರ್ಡ್ ಲಾರಿಯವರ ಮುಂದಾಳತ್ವದಲ್ಲಿ 1888ರಲ್ಲಿ ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಹೈದರಾಬಾದಿನಲ್ಲಿ ಪ್ರಯೋಗಗಳನ್ನು ನಡೆಸಿದವು. ರೋಗಿಯ ಪ್ರಜ್ಞೆಯನ್ನು ಅಪಾಯವಿಲ್ಲದೆ ತಪ್ಪಿಸುವುದು ಹೇಗೆಂಬುದೇ ಅಂದಿನ ಪ್ರಶ್ನೆ. ಅವರ ತೀರ್ಮಾನಗಳೆಲ್ಲವೂ ಮುಂದೆ ನಿಲ್ಲಲಿಲ್ಲವಾದರೂ, ಅರಿವಳಿಕೆಯ ಶಾಸ್ತ್ರ ಅಂಥ ಚರ್ಚೆಗಳಿಂದಲೇ ಬೆಳೆಯಿತು. ಇಂದು ದೇಹದ ತೂಕವನ್ನು ಇಳಿಸಲು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಲ್ಲಿ ರೋಗಿ ಕೆಲವು ಗಂಟೆ ನಿದ್ರಿಸಿ ಎದ್ದರೆ ಸರ್ಜನರ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿದಂತೆ. ಉಳಿದ ಚಿಕಿತ್ಸೆಯನ್ನು ರೋಗಿಯೇ ಎಚ್ಚರವಾಗಿದ್ದುಕೊಂಡು, ತನ್ನ ಮನೆಯ ಊಟದ ತಟ್ಟೆಯ ಮುಂದೆ, ಬದುಕಿರುವವರೆಗೂ ಮಾಡಿಕೊಳ್ಳಬೇಕಾಗುತ್ತದೆ. ಈ ಎರಡನೆಯ ಭಾಗದ ವಿಷಯದಲ್ಲಿ ನಮ್ಮ ಕುಟುಂಬಗಳಿಗೆ ಸಾಕಷ್ಟು ತಿಳಿವಳಿಕೆ ಇಲ್ಲವೆಂದೇ ಹೇಳಬೇಕು.

ಈ ಶಸ್ತ್ರಚಿಕಿತ್ಸೆ ಈಗ ಶ್ರೀಮಂತರಿಗಷ್ಟೇ ಮೀಸಲಾಗಿ ಉಳಿದಿಲ್ಲ. ಅಫ್ಜಲ್‌ಗಂಜ್‌ನ ಸರ್ಕಾರಿ ಉಸ್ಮಾನಿಯಾ ಆಸ್ಪತ್ರೆಯ ವೈದ್ಯರು ಇದನ್ನು ಯಶಸ್ವಿಯಾಗಿ ನೆರವೇರಿಸಿದ ವಾರ್ತೆ 2023ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ನಿಯಮಗಳಂತೆ, ದೇಹತೂಕದ ಸೂಚ್ಯಂಕ 40ನ್ನು ಮುಟ್ಟಿದವರಿಗೂ, 35ನ್ನು ಮುಟ್ಟಿ ಜೊತೆಗೆ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ ಇಲ್ಲವೆ ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ ಇರುವವರಿಗೂ ಆರೋಗ್ಯ ವಿಮೆಯ ಹಣ ದೊರೆಯಲು ಅವಕಾಶವಿದೆ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ಸಿಗುತ್ತದೆ. ಪಾಲಿಸಿಯ ಷರತ್ತುಗಳನ್ನು ಮುಂಚಿತವಾಗಿಯೇ ಓದಿಕೊಳ್ಳುವುದು ಒಳ್ಳೆಯದು. ಸಣ್ಣ ಅಕ್ಷರಗಳಲ್ಲಿ ಅಚ್ಚಾದುದೇ ಹೆಚ್ಚಾಗಿ ದೊಡ್ಡ ಸಂಗತಿಯಾಗಿರುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. 'ಸ್ಲೀವ್' ಎಂಬುದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಭಾಗವನ್ನು ತೆಗೆದು, ಬಾಳೆಹಣ್ಣಿನಾಕಾರದ ಒಂದು ನಳಿಗೆಯನ್ನಷ್ಟೇ ಉಳಿಸುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್‌ರು ಆರಂಭಿಸಿದ 'ಬೈಪಾಸ್' ವಿಧಾನದಲ್ಲಿ, ಇಂದು ಜಠರದ ಮೇಲ್ತುದಿಯಲ್ಲಿ ಎರಡು ದೊಡ್ಡ ಚಮಚದಷ್ಟು, ಎಂದರೆ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಸಂಚಿಯನ್ನು ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಹಸಿವನ್ನು ಕೆರಳಿಸುವ 'ಘ್ರೆಲಿನ್' ಎಂಬ ರಸದೂತವನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ವಿಧಾನದಲ್ಲಿ ಆ ಭಾಗವೇ ಹೊರಟುಹೋಗುವುದರಿಂದ ಮೊದಲ ತಿಂಗಳುಗಳಲ್ಲಿ ಹಸಿವೆಂಬುದೇ ಮರೆತಂತಾಗುತ್ತದೆ.

ಅಪಾಯ ಅಡಗಿರುವುದು ಈ ಮರೆವಿನಲ್ಲಿಯೇ. ಕಾಚಿಗೂಡದಲ್ಲಿ ಮನೆಯಿದ್ದು, ಸುಲ್ತಾನ್ ಬಜಾರಿನ ಬಟ್ಟೆಯಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗೃಹಸ್ಥರೊಬ್ಬರನ್ನು ಓದುಗರು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮೊದಲ ವಾರಗಳಲ್ಲಿ ತಿಳಿಯಾದ ದ್ರವ, ಆಮೇಲೆ ಗಟ್ಟಿ ದ್ರವ, ಅನಂತರ ನುಣ್ಣಗೆ ಅರೆದ ಆಹಾರ, ಸುಮಾರು ಎರಡು ತಿಂಗಳು ತುಂಬುವ ವೇಳೆಗೆ ಮೆತ್ತಗೆ ಬೇಯಿಸಿದ ಮನೆಯೂಟ, ಹೀಗೆ ವೈದ್ಯರು ಬರೆದುಕೊಟ್ಟ ಚೀಟಿ ಅವರ ಕೈಯಲ್ಲಿರುತ್ತದೆ. ತೂಕ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಹಳೆಯ ಅಂಗಿಗಳು ಜೋಲುತ್ತವೆ. ಕಂಡವರೆಲ್ಲ ಹೊಗಳುತ್ತಾರೆ. ಆಗ ಚೀಟಿಯನ್ನು ಪಾಲಿಸುವುದು ಕಷ್ಟವೇ ಅಲ್ಲ. ಒಂದು ವರ್ಷ, ಒಂದೂವರೆ ವರ್ಷವಾದ ಮೇಲೆ ಇಳಿತ ನಿಲ್ಲುತ್ತದೆ, ಹೊಗಳಿಕೆಯೂ ನಿಲ್ಲುತ್ತದೆ, ಹಸಿವು ಮೆಲ್ಲಗೆ ಹಿಂದಿರುಗುತ್ತದೆ. ನಿಜವಾದ ಪರೀಕ್ಷೆ ಆರಂಭವಾಗುವುದು ಅಂದಿನಿಂದ.

ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನವೊಂದರ ಹತ್ತು ವರ್ಷಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬೈಪಾಸ್ ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇಕಡ 32ರಷ್ಟು ಇಳಿದಿತ್ತು; ಹತ್ತು ವರ್ಷಗಳ ಕೊನೆಗೆ ಉಳಿದ ಇಳಿತ ಶೇಕಡ 25. ಗಳಿಸಿದುದರಲ್ಲಿ ಸುಮಾರು ಮುಕ್ಕಾಲು ಪಾಲು ಕೈಯಲ್ಲಿ ಉಳಿದಿತ್ತೆಂಬುದು ಸಮಾಧಾನದ ಸಂಗತಿ. ಆದರೆ ಇದು ಸರಾಸರಿಯ ಲೆಕ್ಕ. ಸರಾಸರಿಯ ಹಿಂದೆ ಎಲ್ಲವನ್ನೂ ಉಳಿಸಿಕೊಂಡವರೂ ಇರುತ್ತಾರೆ, ಬಹಳಷ್ಟನ್ನು ಕಳೆದುಕೊಂಡವರೂ ಇರುತ್ತಾರೆ.

ಕಳೆದುಕೊಳ್ಳುವುದು ಹೇಗೆ? ಮೂರು ರೊಟ್ಟಿ ತಿಂದು ಕಳೆದುಕೊಳ್ಳುವವರು ವಿರಳ, ಏಕೆಂದರೆ ಅದಕ್ಕೆ ಒಳಗೆ ಜಾಗವೇ ಇಲ್ಲ. ಕಿರಿದಾದ ಜಠರ ಗಟ್ಟಿ ಆಹಾರವನ್ನು ತಡೆಯುತ್ತದೆಯೇ ಹೊರತು ಕರಗುವುದನ್ನು ತಡೆಯಲಾರದು. ಅರ್ಧ ರೊಟ್ಟಿ, ಮಡಕೆಕಾಳಿನ ಪಲ್ಯ ತಿಂದಾಗ ಹೊಟ್ಟೆ ಬಿಗಿಯುತ್ತದೆ. ಅದೇ ಸಕ್ಕರೆಯ ಇರಾನಿ ಚಹಾ, ಅದರಲ್ಲಿ ಅದ್ದಿದ ಬಿಸ್ಕತ್ತು, ಶರಬತ್ತು, ಐಸ್‌ಕ್ರೀಮು, ಬಾಯಲ್ಲಿಯೇ ಕರಗುವ ಖಾರಾಸೇವು ಇವು ಎಷ್ಟು ಹೋದರೂ ಹೊಟ್ಟೆ ತಕರಾರು ಮಾಡದು. ಅಂಗಡಿಯಲ್ಲಿ ಗಿರಾಕಿ ಬಂದಾಗಲೊಮ್ಮೆ, ಪಕ್ಕದವರು ಕರೆದಾಗಲೊಮ್ಮೆ, ದಿನಕ್ಕೆ ಐದು ಕಪ್ಪು ಚಹಾ ಕುಡಿಯುವವರು 'ನಾನು ಏನೂ ತಿನ್ನುವುದೇ ಇಲ್ಲ' ಎಂದು ಹೇಳುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ತಿಂದದ್ದಕ್ಕೆ ಲೆಕ್ಕವಿದೆ, ಕುಡಿದದ್ದಕ್ಕೆ ಲೆಕ್ಕವಿಲ್ಲ, ಅಷ್ಟೆ.

ಬೈಪಾಸ್ ಆದವರಲ್ಲಿ ಅನೇಕರಿಗೆ ಹೆಚ್ಚು ಸಿಹಿ ತಿಂದ ಅರ್ಧ ಗಂಟೆಯೊಳಗೆ ಬೆವರು, ಎದೆ ಹೊಡೆತ, ತಲೆಸುತ್ತು, ಹೊಟ್ಟೆ ನುಲಿತ ಕಾಣಿಸಿಕೊಳ್ಳುತ್ತವೆ. 'ಡಂಪಿಂಗ್' ಎಂದು ವೈದ್ಯರು ಕರೆಯುವ ಈ ತೊಂದರೆ ಒಂದು ರೀತಿಯಲ್ಲಿ ಕಾವಲುಗಾರನೂ ಹೌದು. ಸ್ಲೀವ್ ಆದವರಿಗೆ ಈ ಕಾವಲು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಅವರು ಹೆಚ್ಚು ಜಾಗರೂಕರಾಗಿರಬೇಕು. ಬೆಲ್ಲದ ಹೋಳಿಗೆಗೆ ದೋಷವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಜಠರಕ್ಕೆ ಬೆಲ್ಲ, ಸಕ್ಕರೆಗಳ ಭೇದ ತಿಳಿಯದು.

ಇನ್ನು ತಟ್ಟೆಯ ವಿಚಾರ. ಅರ್ಧ ಬಟ್ಟಲು ಆಹಾರ ಹಿಡಿಯುವ ಹೊಟ್ಟೆಯಲ್ಲಿ ಏನನ್ನು ಮೊದಲು ಇಳಿಸಬೇಕು? ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂದು ತಜ್ಞರು ಹೇಳುತ್ತಾರೆ. ಅದು ಸಾಲದೆ ಹೋದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ, ಕೂದಲುದುರುತ್ತದೆ, ಆಯಾಸ ಬಿಡದು. ಎರಡು ಕೋಳಿಮೊಟ್ಟೆಯಿಂದ 12 ಗ್ರಾಂ. ನೂರು ಗ್ರಾಂ ಪನೀರಿನಿಂದ ಸುಮಾರು 18. ಇನ್ನೂರು ಗ್ರಾಂ ಮೊಸರಿನಿಂದ ಸುಮಾರು 6. ಐವತ್ತು ಗ್ರಾಂ ಬೇಳೆಯನ್ನು ಬೇಯಿಸಿದರೆ ಸುಮಾರು 11. ಒಟ್ಟು 47. ಇನ್ನೂ 13 ಗ್ರಾಂ ಕೊರತೆ ಉಳಿಯಿತು. ಮೊಟ್ಟೆ ಮುಟ್ಟದ ಮನೆಗಳಲ್ಲಿ ಕೊರತೆ 25. ಸೋಯಾ, ಕಡಲೆ, ಹೆಸರುಕಾಳುಗಳಿಂದಲೋ, ವೈದ್ಯರು ಸೂಚಿಸಿದ ಪ್ರೋಟೀನು ಪುಡಿಯಿಂದಲೋ ಅದನ್ನು ತುಂಬಬೇಕು. ನಮ್ಮ ಬಡಿಸುವ ಕ್ರಮ ಇದಕ್ಕೆ ಅಡ್ಡ ಬರುತ್ತದೆ. ಅನ್ನವನ್ನೋ ರೊಟ್ಟಿಯನ್ನೋ ನಡುವೆ ಇಟ್ಟು, ತೊವ್ವೆ, ಉಸಳಿ, ಮೊಸರುಗಳನ್ನು ಅದಕ್ಕೆ ನೆಂಚಿಕೊಳ್ಳುವುದು ನಮ್ಮ ಪದ್ಧತಿ. ಶಸ್ತ್ರಚಿಕಿತ್ಸೆಯಾದವರು ಇದನ್ನು ತಿರುವುಮುರುವು ಮಾಡಬೇಕು: ಮೊದಲು ಗಟ್ಟಿ ಬೇಳೆ, ಕಾಳಿನ ಉಸಳಿ, ಪನೀರು ಅಥವಾ ಮೊಟ್ಟೆ, ಆಮೇಲೆ ಪುಂಡಿಪಲ್ಯವೋ ಮೆಂತ್ಯದ ಪಲ್ಯವೋ, ಜಾಗ ಉಳಿದರೆ ಕೊನೆಗೆ ಎರಡು ತುತ್ತು ರೊಟ್ಟಿ ಅಥವಾ ಅನ್ನ. ಬಡೀ ಚೌಡಿಯ ಮಾರುಕಟ್ಟೆಗೆ ಹೋಗಿಬರುವ ಮನೆಯವರಿಗೆ ಸೊಪ್ಪು ತರಕಾರಿಗಳ ಅಭಾವವಂತೂ ಇಲ್ಲ.

ಊಟದ ಜೊತೆ ನೀರು ಕುಡಿಯಬಾರದು. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು. ಒಂದೊಂದು ತುತ್ತನ್ನೂ ಚೆನ್ನಾಗಿ ಅಗಿದು, ಇಪ್ಪತ್ತು ನಿಮಿಷವಾದರೂ ಕುಳಿತು ಉಣ್ಣಬೇಕು. 'ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ' ಎಂಬ ಗಾದೆಯನ್ನು ಹಿರಿಯರು ಎಂಥ ಹೊಟ್ಟೆಯನ್ನು ಕಂಡು ಕಟ್ಟಿದರೋ ಕಾಣೆವು, ಆದರೆ ಈ ಹೊಟ್ಟೆಗೆ ಅದು ಹೊಂದುವುದಿಲ್ಲ. ಇವರು ಮೂರು ಹೊತ್ತು ಕ್ರಮವಾಗಿ ಉಂಡು, ನಡುವೆ ಗೊತ್ತುಮಾಡಿದ ಒಂದೆರಡು ಸಲ ಸ್ವಲ್ಪ ಪ್ರೋಟೀನು ತೆಗೆದುಕೊಳ್ಳಬೇಕು. ಊಟ ತಪ್ಪಿಸಿದವರು ಸಂಜೆ ಬಜ್ಜಿಯ ಬಾಣಲೆಯ ಮುಂದೆ ಸೋಲುತ್ತಾರೆ. ಏಕಾದಶಿ, ಶಿವರಾತ್ರಿಗಳ ಉಪವಾಸವನ್ನು ಮಾಡಬೇಕೆಂದಿದ್ದರೆ ವೈದ್ಯರನ್ನು ಕೇಳಿಯೇ ಮಾಡಬೇಕು. ಸಾಬೂದಾನಿ ಖಿಚಡಿಯ ಉಪವಾಸ ಇವರ ಪಾಲಿಗೆ ಬರೀ ಪಿಷ್ಟದ ಹಬ್ಬ.

ಈ ಎಲ್ಲಕ್ಕಿಂತ ಕಠಿಣವಾದುದು ಮನೆಯವರ ಪ್ರೀತಿ. ಮಗನ ಕೆನ್ನೆ ಒಳಸೇರಿದುದನ್ನು ಕಂಡ ತಾಯಿ, "ಎಷ್ಟ್ ಸೊರಗೀಯೋ ನನ್ನಪ್ಪಾ, ಇನ್ನೊಂದ್ ತುತ್ತು ಉಣ್ಣು" ಎನ್ನುತ್ತಾಳೆ. ಬಡಿಸುವ ಕೈಯನ್ನು ತಡೆಯುವುದು ನಮ್ಮಲ್ಲಿ ಒರಟುತನವೆನಿಸುತ್ತದೆ. ಎಲೆಯಲ್ಲಿ ಬಿಡುವುದು ಅನ್ನಕ್ಕೆ ಮಾಡಿದ ಅಪಚಾರವೆನಿಸುತ್ತದೆ. ಯುಗಾದಿಗೋ ರಾಜ್ಯೋತ್ಸವಕ್ಕೋ ನಾಲ್ಕು ಜನ ಕನ್ನಡಿಗರು ಕಲೆತು ಊಟಕ್ಕೆ ಕುಳಿತರಂತೂ ಒತ್ತಾಯದ ಉಪಚಾರವಿಲ್ಲದೆ ಪಂಕ್ತಿಗೆ ಶೋಭೆಯಿಲ್ಲ. ಆದರೆ ಕಿರಿದಾದ ಜಠರಕ್ಕೆ ಹೆಚ್ಚಾದ ಆ ಒಂದು ತುತ್ತು ಎದೆಯಲ್ಲಿ ನಿಂತು ನೋಯುತ್ತದೆ, ವಾಂತಿಯಾಗಿ ಹೊರಬರುತ್ತದೆ. ಉಂಡವರು ಎದ್ದು ಹೋಗಿ ಕಕ್ಕುವುದು ಬಡಿಸಿದವರಿಗೆ ತಿಳಿಯುವುದೇ ಇಲ್ಲ. ಹೀಗೆ ಮುಜುಗರಪಟ್ಟವರು ಮೆಲ್ಲಗೆ ಸಮಾರಂಭಗಳಿಗೆ ಬರುವುದನ್ನೇ ಬಿಡುತ್ತಾರೆ. ಒಂಟಿಯಾಗಿ ಕುಳಿತು ಅವಲಕ್ಕಿ ಚೂಡಾದ ಡಬ್ಬಿಯನ್ನು ಮುಂದಿಟ್ಟುಕೊಳ್ಳುತ್ತಾರೆ. ಎಲೆಯ ಬದಲು ಸಣ್ಣ ತಟ್ಟೆಯೊಂದನ್ನು ಕೇಳಿದವರಿಗೆ ಕಾರಣ ಕೇಳದೆ ಕೊಡುವುದು, 'ಸಾಕು' ಎಂದ ಮೊದಲನೆಯ ಸಲವೇ ಕೈ ಹಿಂತೆಗೆಯುವುದು, ಬಡಿಸುವವರಿಗೆ ಇಷ್ಟನ್ನು ಮೊದಲೇ ಹೇಳಿಡಲು ಸಂಘಸಂಸ್ಥೆಗಳಿಗೆ ಖರ್ಚೇನೂ ಬೀಳುವುದಿಲ್ಲ.

ತೂಕ ಪುನಃ ಏರತೊಡಗಿದರೆ ಬಹಳ ಜನ ಮಾಡುವ ತಪ್ಪೆಂದರೆ ವೈದ್ಯರ ಕಣ್ಣು ತಪ್ಪಿಸುವುದು. 'ಅಷ್ಟು ಹಣ ಸುರಿದು ಹೀಗಾಯಿತೆ' ಎಂಬ ಮಾತಿಗೆ ಹೆದರಿ ಎರಡು ಮೂರು ವರ್ಷ ತಪಾಸಣೆಗೇ ಹೋಗದಿರುತ್ತಾರೆ. ಸ್ಥೂಲಕಾಯ ದೀರ್ಘಕಾಲದ ರೋಗವೆಂದು ವೈದ್ಯಶಾಸ್ತ್ರ ಈಗ ಒಪ್ಪಿದೆ. ರಕ್ತದೊತ್ತಡ ಮರುಕಳಿಸಿದರೆ ಯಾರೂ ನಾಚುವುದಿಲ್ಲವಷ್ಟೆ. ಐದು ಕಿಲೋ ಏರಿದಾಗ ಹೋದರೆ ಊಟದ ಕ್ರಮವನ್ನು ತಿದ್ದುವುದರಲ್ಲಿಯೇ ಮುಗಿಯಬಹುದಾದ ಕೆಲಸ, ಇಪ್ಪತ್ತೈದು ಕಿಲೋ ಏರಿದ ಮೇಲೆ ಜಟಿಲವಾಗುತ್ತದೆ. 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕದ ಔಷಧಗಳನ್ನು ಕೆಲವರಿಗೆ ವೈದ್ಯರು ಸೂಚಿಸುವುದೂ ಉಂಟು. ಅವನ್ನು ಅವರಿವರ ಮಾತು ಕೇಳಿ ತೆಗೆದುಕೊಳ್ಳುವಂತಿಲ್ಲ.

ಮಾತ್ರೆಗಳ ವಿಷಯವನ್ನು ಬಿಡುವಂತಿಲ್ಲ. ಬಿ-12, ಕಬ್ಬಿಣ, ಸುಣ್ಣದ ಅಂಶ, ಡಿ ಜೀವಸತ್ವ ಇವುಗಳ ಪೂರೈಕೆ ಜೀವನಪರ್ಯಂತ ಬೇಕು. ಕಬ್ಬಿಣದ ಮಾತ್ರೆಯನ್ನೂ ಸುಣ್ಣದ ಮಾತ್ರೆಯನ್ನೂ ಒಟ್ಟಿಗೆ ನುಂಗದೆ ಎರಡು ಗಂಟೆಯ ಅಂತರವಿಡಬೇಕು. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡದಾದ್ದರಿಂದ ಕಬ್ಬಿಣದ ಮಾತ್ರೆಯ ಆಸುಪಾಸಿನಲ್ಲಿ ಚಹಾ ಸಲ್ಲದು. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳು, ವಿಶೇಷವಾಗಿ ಬೈಪಾಸ್ ಆದವರಲ್ಲಿ, ಹುಣ್ಣು ಮಾಡಬಲ್ಲವು. ಮದ್ಯ ಬೇಗನೆ ತಲೆಗೇರುತ್ತದೆ. ದಿನಗಟ್ಟಲೆ ವಾಂತಿಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು, ಏಕೆಂದರೆ ಬಿ-1 ಜೀವಸತ್ವ ಬರಿದಾಗಿ ನರಗಳಿಗೆ ಹಾನಿಯಾಗುವ ಭಯವಿದೆ.

ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆನಂತರ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿ, ವರದಿಗಳನ್ನು ಒಂದು ಕಡತದಲ್ಲಿ ಸೇರಿಸಿಡುವುದು ಅನುಕೂಲ. ವರ್ಗಾವಣೆಯ ನೌಕರಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸರ್ಜನರು ಕೊಟ್ಟ ಶಸ್ತ್ರಚಿಕಿತ್ಸೆಯ ವಿವರಪತ್ರ, ಯಾವ ಬಗೆಯ ಶಸ್ತ್ರಚಿಕಿತ್ಸೆ ಆಯಿತೆಂಬುದು, ಅದರ ದಿನಾಂಕ, ಅಂದಿನ ತೂಕ, ಇಷ್ಟು ಕಡತದ ಮೊದಲ ಪುಟದಲ್ಲಿದ್ದರೆ, ನಡುರಾತ್ರಿಯಲ್ಲಿ ಹೊಟ್ಟೆನೋವೆಂದು ಗುರುತಿಲ್ಲದ ಊರಿನ ಆಸ್ಪತ್ರೆಗೆ ಹೋದಾಗಲೂ ಅಲ್ಲಿನ ವೈದ್ಯರಿಗೆ ಒಳಗಿನ ದಾರಿ ಯಾವುದೆಂದು ತಕ್ಷಣ ತಿಳಿಯುತ್ತದೆ.