ಒಂದೇ ಜೀವಕೋಶದ ನೂಲು



ಧಾರವಾಡ ತಾಲೂಕಿನ ಗರಗ, ರಾಷ್ಟ್ರಧ್ವಜದ ಖಾದಿ ಬಟ್ಟೆಯ ನೇಯ್ಗೆಗೆ ಹೆಸರಾದ ಊರು. ಅಂಥ ಖಾದಿಯ ಒಂದು ಎಳೆಯನ್ನು ತೆಗೆದುಕೊಂಡು ಹುರಿ ಬಿಚ್ಚಿ ನೋಡಿ. ಕೊನೆಗೆ ಉಳಿಯುವ ಕೂದಲಿನಂಥ ತಂತು ಸಸ್ಯದ ಯಾವ ಭಾಗ? ವಿಜ್ಞಾನ ಕಾರ್ಯಕ್ರಮಕ್ಕೆ ಬಂದ ವಿದ್ಯಾರ್ಥಿಗಳನ್ನು ನಾನು ಹೀಗೆ ಕೇಳಿದಾಗ ಬಹುತೇಕ ಬಂದ ಉತ್ತರ ಒಂದೇ: ‘ನಾರು, ಸರ್.’ ಪುಂಡಿ ನಾರು ಇದ್ದಂತೆ ಹತ್ತಿ ನಾರು ಎಂದು ಅವರ ಲೆಕ್ಕ. ಸಸ್ಯಶಾಸ್ತ್ರದ ಕಣ್ಣಿನಲ್ಲಿ ಇವೆರಡೂ ತೀರ ಬೇರೆ.

ಹತ್ತಿಯ ಎಳೆ ಬೀಜದ ಮೇಲಿನ ಕೂದಲು. ಹೂವಿನ ಅಂಡಾಶಯದೊಳಗೆ ಅಂಡಕಗಳಿರುತ್ತವೆ, ಬೀಜಗಳಾಗುವುದು ಇವೇ. ಹೂ ಅರಳಿದ ದಿನವೇ ಅಂಡಕದ ಹೊರಪದರದ ಕೆಲವು ಜೀವಕೋಶಗಳು ಗುಳ್ಳೆಯಂತೆ ಉಬ್ಬಿ, ಉದ್ದವಾಗತೊಡಗುತ್ತವೆ. ಅವು ವಿಭಜನೆಯಾಗುವುದಿಲ್ಲ. ಒಂದು ಎಳೆ ಎಂದರೆ ಒಂದೇ ಜೀವಕೋಶ! ಸೂಕ್ಷ್ಮದರ್ಶಕವಿಲ್ಲದೆ ಜೀವಕೋಶ ಕಾಣದೆಂದು ಓದಿದ ನಾವು ಎರಡು-ಮೂರು ಸೆಂಟಿಮೀಟರ್ ಉದ್ದದ ಜೀವಕೋಶಗಳನ್ನು ಅಂಗಿಯಾಗಿ ತೊಟ್ಟು ತಿರುಗುತ್ತೇವೆ.

ಸುಮಾರು ಮೂರು ವಾರ ಈ ಕೋಶ ಉದ್ದಕ್ಕೆ ಬೆಳೆಯುತ್ತದೆ. ಅದು ಮುಗಿಯುವ ಹೊತ್ತಿಗೆ ಕೋಶಭಿತ್ತಿಯ ಒಳಗೆ ಸೆಲ್ಯುಲೋಸ್ ಪದರ ಪದರವಾಗಿ ಕೂಡತೊಡಗುತ್ತದೆ. ರೈತನ ಲಾಭ-ನಷ್ಟ ಅಡಗಿರುವುದು ಇಲ್ಲೇ. ಉದ್ದವಾಗುವ ದಿನಗಳಲ್ಲಿ ಹೊಲದ ಹಸಿ ಆರಿದರೆ ಎಳೆ ಗಿಡ್ಡವಾಗುತ್ತದೆ. ಭಿತ್ತಿ ದಪ್ಪವಾಗುವ ಮೊದಲೇ ಗಿಡ ಒಣಗಿದರೆ ಎಳೆ ಬಲಿಯುವುದಿಲ್ಲ. ನೂಲುವಾಗ ಹರಿಯುತ್ತದೆ, ಬಣ್ಣ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ. ಬೆಲೆಯೂ ಇಳಿಯುತ್ತದೆ.

ಕಾಯಿ ಒಡೆದಾಗ ಕೋಶ ಒಣಗಿ, ಚಪ್ಪಟೆಯಾಗಿ, ತಿರುಚಿಕೊಳ್ಳುತ್ತದೆ. ಈ ತಿರುಚಿನಿಂದಲೇ ಒಂದು ಎಳೆ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ, ಚರಕ ನೂಲು ತೆಗೆಯುತ್ತದೆ. ಬೂರುಗದ ಅರಳೆಯನ್ನು ನೂತು ನೋಡಿ, ಜಾರಿ ಹೋಗುತ್ತದೆ. ಅದು ಹುಟ್ಟುವುದು ಬೀಜದ ಮೇಲಲ್ಲ, ಕಾಯಿಯ ಒಳಗೋಡೆಯ ಮೇಲೆ. ನುಣುಪಾದ ಟೊಳ್ಳು ನಳಿಗೆ, ತಿರುಚಿಲ್ಲ. ಆದ್ದರಿಂದ ಅದಕ್ಕೆ ದಿಂಬೇ ಗತಿ.

ಇನ್ನು ಪುಂಡಿ. ಅದರ ಕಾಂಡವನ್ನು ಅಡ್ಡ ಕೊಯ್ದರೆ ಮಧ್ಯೆ ಬೆಂಡು, ಸುತ್ತ ಕಟ್ಟಿಗೆಯ ಭಾಗವಾದ ಕ್ಸೈಲಂ, ಅದರ ಹೊರಗೆ ಫ್ಲೋಯಂ. ಹಗ್ಗಕ್ಕೆ ಬರುವ ನಾರು ಈ ಫ್ಲೋಯಂನದು. ಕಾಂಡವನ್ನು ನೀರಿನಲ್ಲಿ ಕೊಳೆಹಾಕಿದಾಗ ಮೆದು ಅಂಗಾಂಶ ಕರಗಿ ನಾರಿನ ಕಟ್ಟುಗಳು ಬಿಡಿಸಿಕೊಳ್ಳುತ್ತವೆ. ನಿಜವಾದ ನಾರು ಎಂದರೆ ಇದು. ಅನೇಕ ಕೋಶಗಳು ಕೂಡಿದ ಕಟ್ಟು.

ಇಷ್ಟು ಬೇರೆಯಾದರೂ ಹತ್ತಿ, ಪುಂಡಿ, ಬೆಂಡಿ, ದಾಸವಾಳ ಎಲ್ಲವೂ ಮಾಲ್ವೇಸಿ ಕುಟುಂಬದವು. ಗೊತ್ತಾಗುವುದು ಹೇಗೆ? ಹೂವಿನಿಂದ. ತೆರೆಯ ಮೇಲೆ ನಾವು ತೋರಿಸುವ ದಾಸವಾಳ ಕ್ಷಣದಲ್ಲಿ ಸರಿದುಹೋಗುತ್ತದೆ. ನೀವೇ ಒಂದನ್ನು ಕಿತ್ತು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಕೇಸರಗಳ ಕಡ್ಡಿಗಳೆಲ್ಲ ಕೂಡಿ ಒಂದು ಕೊಳವೆಯಾಗಿವೆ. ಶಲಾಕೆ ಅದರೊಳಗಿಂದ ಹಾದುಬಂದಿದೆ. ಐದು ದಳಗಳು ಮೊಗ್ಗಿನಲ್ಲಿ ಒಂದರ ಅಂಚಿನ ಮೇಲೊಂದು ಸುತ್ತಿಕೊಂಡಿರುತ್ತವೆ. ಪುಷ್ಪಪಾತ್ರೆಯ ಹೊರಗೆ ಇನ್ನೊಂದು ಹಸಿರು ಸುತ್ತು: ದಾಸವಾಳದಲ್ಲಿ ಸಣ್ಣ ಎಳೆಗಳು, ಹತ್ತಿಯಲ್ಲಿ ಮೂರು ಅಗಲವಾದ ಎಲೆಗಳು. ಬೂರುಗವನ್ನು ಅನೇಕ ಪುಸ್ತಕಗಳು ಬೊಂಬಾಕೇಸಿ ಎಂಬ ಬೇರೆ ಕುಟುಂಬದಲ್ಲಿಟ್ಟಿದ್ದವು. ಡಿಎನ್ಎ ಆಧರಿಸಿದ 1998ರ ವರ್ಗೀಕರಣ ಅದನ್ನೂ ಮಾಲ್ವೇಸಿಗೆ ಸೇರಿಸಿತು. ಹಳೆಯ ಪಠ್ಯ ಓದುವವರು ಗೊಂದಲಪಡಬೇಡಿ.

ಕುಟುಂಬದೊಳಗೆ ಪ್ರಭೇದಗಳ ಮಾತು ಬಂದರೆ ಧಾರವಾಡವನ್ನು ಮರೆಯುವಂತಿಲ್ಲ. ಇಲ್ಲಿನ ಹಳೆಯ ಜಯಧರ ಹತ್ತಿ ಗಾಸಿಪಿಯಂ ಹರ್ಬೇಸಿಯಂ. ಅದರ ವರ್ಣತಂತುಗಳು 26. ಅಮೆರಿಕ ಮೂಲದ ಹಿರ್ಸುಟಂ ಮತ್ತು ಬಾರ್ಬಡೆನ್ಸ್ ಪ್ರಭೇದಗಳಲ್ಲಿ 52. ಡಾ. ಬಿ. ಎಚ್. ಕಟರಕಿಯವರು ಧಾರವಾಡದಲ್ಲಿ ಹಿರ್ಸುಟಂ ಮತ್ತು ಬಾರ್ಬಡೆನ್ಸ್‌ಗಳನ್ನು ಕೂಡಿಸಿದರು. 1972ರಲ್ಲಿ ‘ವರಲಕ್ಷ್ಮಿ’ ಸಂಕರಣ ತಳಿ ಹೊರಬಂದಿತು. ಸಂಖ್ಯೆ ಹೊಂದಿದ್ದರಿಂದ ಗಿಡ ಬೀಜ ಕಟ್ಟಿತು, ಎಳೆ ಉದ್ದವಾಗಿ ಬಂದಿತು. ಜಯಧರವನ್ನು ಹಿರ್ಸುಟಂ ಜೊತೆ ನೇರವಾಗಿ ಕೂಡಿಸಿದರೆ ಸಿಗುವ ಗಿಡದ ವರ್ಣತಂತುಗಳು 39. ಅವು ಸರಿಯಾಗಿ ಜೋಡಿಯಾಗಲಾರವು. ಅಂಥ ಗಿಡ ಸಾಮಾನ್ಯವಾಗಿ ಬಂಜೆ. ಬೀಜವೇ ಕಟ್ಟದಿದ್ದರೆ ಅರಳೆ ಎಲ್ಲಿಂದ ಬರಬೇಕು?